ಹದದಪ್ಪನ ಒಲೆಗೆ ಷಡ್ಡಕನ ಗಾಳಿ

ಇಪ್ಪತ್ತಾರು ವರ್ಷ ಒಂದೇ ಒಲೆಯ ಮುಂದೆ ನಿಂತವನಿಗೆ ಆ ಒಲೆ ತನ್ನ ಮಾತು ಕೇಳುತ್ತದೆ ಅನ್ನುವ ಭ್ರಮೆ ಬರುವುದು ಸಹಜ. ಹದದಪ್ಪನಿಗೆ ಅದು ಭ್ರಮೆಯಾಗಿರಲಿಲ್ಲ, ಖಾತರಿಯಾಗಿತ್ತು.

ಹೆತ್ತವರು ಅವನಿಗೆ ಬೇರೇನೋ ಹೆಸರಿಟ್ಟಿದ್ದರು. ಆದರೆ ಯಾರು ಏನು ಕೇಳಿದರೂ ಅವನ ಉತ್ತರ ಒಂದೇ: "ಹದ ಗೊತ್ತಿರಬೇಕಪ್ಪ, ಹದ." ಬನ್ನು ಉಬ್ಬಲಿಲ್ಲ ಅಂದರೂ ಅದೇ, ಬಸ್ಸಿನಲ್ಲಿ ಸೀಟು ಸಿಗಲಿಲ್ಲ ಅಂದರೂ ಅದೇ. ಹೀಗಾಗಿ ಬೇಕರಿಯಲ್ಲಿ ಅವನು ಹದದಪ್ಪನಾದ. ಹಳೆಯ ಇಟ್ಟಿಗೆ ಒಲೆಯ ಶಾಖ ಎಷ್ಟಿದೆ ಎಂದು ನೋಡಲು ಅವನು ಬಲಗೈಯನ್ನು ಮೊಣಕೈವರೆಗೆ ಒಳಗೆ ಚಾಚಿ ಎಣಿಸುತ್ತಿದ್ದ. ಎಂಟಕ್ಕೆ ಕೈ ಎಳೆದುಕೊಂಡರೆ ಬನ್ನಿನ ಶಾಖ, ಹನ್ನೆರಡರವರೆಗೆ ತಡೆದರೆ ಬಿಸ್ಕತ್ತಿನ ಶಾಖ. ಆ ಕೈ ಮೇಲೆ ಕೂದಲು ಹುಟ್ಟುವುದನ್ನೇ ಬಿಟ್ಟುಬಿಟ್ಟಿತ್ತು. ಹೊಸಬರು ಬಂದಾಗ ಅವನು ಆ ಬೋಳು ಕೈಯನ್ನು, ಬೇರೆಯವರು ಸರ್ಟಿಫಿಕೇಟು ತೋರಿಸುವ ಹಾಗೆ, ತೋರಿಸುತ್ತಿದ್ದ.

ಆ ಒಲೆಯ ಹಿಂದಿನ ಎಡಮೂಲೆ ಮಹಾ ಖಾರ. ಅಲ್ಲಿಟ್ಟದ್ದು ಉಳಿದದ್ದಕ್ಕಿಂತ ಮೊದಲೇ ಕಪ್ಪಾಗುತ್ತಿತ್ತು. ಹದದಪ್ಪ ಅಲ್ಲಿ ಎರಡು ಇಟ್ಟಿಗೆ ನಿಲ್ಲಿಸಿ ಅದರ ಸೊಕ್ಕು ಅಡಗಿಸಿದ್ದ. ಇದನ್ನು ಅವನು "ನನ್ನ ವಿದ್ಯೆ" ಎನ್ನುತ್ತಿದ್ದ. ಇಟ್ಟಿಗೆ ಎಷ್ಟು ಓರೆಯಾಗಿ ನಿಲ್ಲಬೇಕೆಂದು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಬಿಸ್ಕತ್ತಿನ ವಿಭಾಗ ನೋಡಿಕೊಳ್ಳುತ್ತಿದ್ದ ಬಿಸ್ಕತ್ತಕ್ಕ ಒಮ್ಮೆ ಕೇಳಿದ್ದಕ್ಕೆ, "ಅದೆಲ್ಲ ಹೇಳಿದ್ರೆ ಬರಲ್ಲಮ್ಮ, ಒಲಿದು ಬರಬೇಕು" ಎಂದು ಕಣ್ಣು ಮುಚ್ಚಿಕೊಂಡಿದ್ದ.

ಇಂಥ ಮನುಷ್ಯನ ಜೀವನದಲ್ಲಿ ಇದ್ದದ್ದು ಒಂದೇ ಮುಳ್ಳು. ಷಡ್ಡಕ.

ಷಡ್ಡಕತನವೇ ವಿಚಿತ್ರ ಸಂಬಂಧ. ರಕ್ತ ಹಂಚಿಕೊಂಡಿರುವುದಿಲ್ಲ, ಆಸ್ತಿ ಹಂಚಿಕೊಂಡಿರುವುದಿಲ್ಲ, ಹಂಚಿಕೊಂಡಿರುವುದು ಒಬ್ಬ ಅತ್ತೆಯನ್ನು ಮಾತ್ರ. ಒಂದೇ ತಕ್ಕಡಿಯ ಎರಡು ತಟ್ಟೆಗಳು, ತೂಗುವವಳು ಅವಳು. ಹೆಂಡತಿಯ ತಂಗಿಯ ಗಂಡನಾದ ಈ ಷಡ್ಡಕ ದೊಡ್ಡ ಅಡುಗೆಮನೆಗಳ ಯಂತ್ರ ಕೂರಿಸುವ, ರಿಪೇರಿ ಮಾಡುವ ಕೆಲಸದವನು. ಜೇಬಿನಲ್ಲಿ ಯಾವಾಗಲೂ ಒಂದು ಟೆಸ್ಟರು, ಬಾಯಲ್ಲಿ ಯಾವಾಗಲೂ ಮೆಲ್ಲನೆಯ ಮಾತು. ಅತ್ತೆಮನೆಗೆ ಹೋದರೆ ಹದದಪ್ಪ ಊಟ ಮಾಡಿ ಮಲಗುತ್ತಿದ್ದ. ಇವನು ಊಟ ಮಾಡಿ ಮಿಕ್ಸಿ ಬಿಚ್ಚುತ್ತಿದ್ದ. ಸಂಜೆ ಹದದಪ್ಪ ಏಳುವ ಹೊತ್ತಿಗೆ ಮಿಕ್ಸಿ ತಿರುಗುತ್ತಿತ್ತು, ಅತ್ತೆಯ ಮುಖ ಅರಳಿರುತ್ತಿತ್ತು. ಕುಡಿಯುವವನಲ್ಲ, ಜಗಳಗಂಟನಲ್ಲ, ಹದದಪ್ಪನನ್ನು ಕಂಡರೆ "ಅಣ್ಣ" ಎಂದು ಎದ್ದು ನಿಂತು ಕುರ್ಚಿ ಬಿಡುತ್ತಿದ್ದ. ಬೈಯುವುದಕ್ಕೆ ಏನಾದರೂ ಒಂದು ಕೊಟ್ಟಿದ್ದರೆ ಹದದಪ್ಪ ಅವನನ್ನು ಎಂದೋ ಕ್ಷಮಿಸಿಬಿಡುತ್ತಿದ್ದ.

ಮನೆಯಲ್ಲಿ ಹೆಂಡತಿ ಹೇಳುತ್ತಿದ್ದದ್ದು ಒಂದೇ ಮಾತು, ಅದೂ ಬೇರೆ ಕೆಲಸ ಮಾಡುತ್ತಾ, ಬೆನ್ನು ತಿರುಗಿಸಿಕೊಂಡು: "ನಮ್ಮ ತಂಗಿ ಗಂಡ ಆಗಿದ್ದಿದ್ರೆ ಈ ನಲ್ಲಿ ಇಷ್ಟೊತ್ತಿಗೆ ಸರಿ ಹೋಗಿರ್ತಿತ್ತು."

ಹೀಗಿರುವಾಗ ಬೇಕರಿಯ ಯಜಮಾನಿ ಹಳೆಯ ಇಟ್ಟಿಗೆ ಒಲೆ ಒಡೆಸಿ, ಆ ಜಾಗದಲ್ಲಿ ಗಾಳಿಯಲ್ಲಿ ಬೇಯಿಸುವ ದೊಡ್ಡ ಕರೆಂಟು ಓವನ್ ತರಿಸಿದಳು. ಬೀರುವಿನಷ್ಟು ಎತ್ತರ, ಗಾಜಿನ ಬಾಗಿಲು, ಹತ್ತು ಟ್ರೇ ಹಿಡಿಯುವ ಹೊಟ್ಟೆ. ಅದನ್ನು ಕೂರಿಸಲು ಟೆಸ್ಟರು ಸಿಕ್ಕಿಸಿಕೊಂಡು ಬಾಗಿಲಲ್ಲಿ ಬಂದು ನಿಂತವನು ಯಾರು ಅಂದುಕೊಂಡಿರಿ?

"ಅಣ್ಣ! ಇದು ನಿಮ್ಮ ಬೇಕರಿನಾ? ಎಂಥ ಯೋಗಾಯೋಗ ನೋಡಿ!" ಎಂದ ಷಡ್ಡಕ.

"ಹೂಂ, ಯೋಗ" ಎಂದ ಹದದಪ್ಪ, ಹಲ್ಲುನೋವಿದ್ದವನ ಹಾಗೆ.

ಓವನ್ ಕೂತ ಮೇಲೆ ಪಾಠ ಶುರುವಾಯಿತು. ಕೆಲಸದವರೆಲ್ಲ ಹಿಟ್ಟಿನ ಕೈ ಒರೆಸಿಕೊಂಡು ಸುತ್ತ ನಿಂತರು. ಷಡ್ಡಕ ಓವನ್ನಿನ ಒಳಗೋಡೆಯ ತಗಡನ್ನು ಬಿಚ್ಚಿ ಪಕ್ಕಕ್ಕಿಟ್ಟ. ಹಿಂದೆ ಒಂದು ಫ್ಯಾನು. ಫ್ಯಾನಿನ ಸುತ್ತ ಬಳೆಯ ಹಾಗೆ ಬಾಗಿದ ಕಾಯಿಲು.

ಬಿಸ್ಕತ್ತಕ್ಕ ಬಗ್ಗಿ ನೋಡಿದಳು. "ಬೆಂಕಿ ಎಲ್ಲಿ?"

"ಬೆಂಕಿ ಇಲ್ಲ ಅಕ್ಕ. ಈ ಕಾಯಿಲು ಕಾಯುತ್ತೆ. ಫ್ಯಾನು ಒಳಗಿನ ಗಾಳೀನ ಈ ತಗಡಿನ ನಡುವಿನ ಜಾಲರಿಯಿಂದ ಎಳ್ಕೊಳ್ಳುತ್ತೆ, ಕಾಯಿಲಿನ ಮೇಲೆ ಹಾಯಿಸುತ್ತೆ, ತಗಡಿನ ಅಂಚಿನ ಸಂದಿಗಳಿಂದ ವಾಪಸ್ ಟ್ರೇಗಳ ಮೇಲೆ ತಳ್ಳುತ್ತೆ. ಮತ್ತೆ ಎಳ್ಕೊಳ್ಳುತ್ತೆ. ಸುತ್ತೋದೇ ಅದರ ಕೆಲಸ."

"ಒಂದು ಮಾತು" ಎಂದ ಹದದಪ್ಪ. ಎಲ್ಲರೂ ತಿರುಗಿದರು. ಅವನಿಗೂ ಬೇಕಾಗಿದ್ದದ್ದು ಅದೇ. "ಬಿಸಿ ಕಾಫೀನ ನಾವು ಊದಿ ಕುಡಿಯೋದು ಯಾಕೆ? ಆರಲಿ ಅಂತ. ಗಾಳಿ ಹಾಕಿದ್ರೆ ಆರುತ್ತೋ ಬೇಯುತ್ತೋ? ಚಿಕ್ಕ ಮಕ್ಕಳಿಗೂ ಗೊತ್ತಿರೋ ವಿಷಯ."

ಒಂದಿಬ್ಬರು ನಕ್ಕರು. ಹದದಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಒಳ್ಳೆ ಪ್ರಶ್ನೆ ಕೇಳಿದ್ರಿ ಅಣ್ಣ" ಎಂದ ಷಡ್ಡಕ. ಅಲ್ಲಿಗೆ ಆ ಹಾಲು ಒಡೆಯಿತು. "ತಣ್ಣನೆ ಗಾಳಿ ಆರಿಸುತ್ತೆ, ಬಿಸಿಗಾಳಿ ಬೇಯಿಸುತ್ತೆ. ಒಲೆಗೆ ಇಟ್ಟ ಹಸಿ ಬನ್ನಿನ ಮೈ ಸುತ್ತ ತಂಪು ಗಾಳಿ ಕಂಬಳಿ ಹೊದ್ದ ಹಾಗೆ ಅಂಟಿಕೊಂಡಿರುತ್ತೆ. ಫ್ಯಾನು ಆ ಕಂಬಳಿ ಕಿತ್ತುಹಾಕುತ್ತೆ. ಅದಕ್ಕೇ ಹಳೇ ಒಲೆಗಿಂತ ಇಪ್ಪತ್ತು ಡಿಗ್ರಿ ಕಮ್ಮಿ ಇಟ್ರೂ ಸಾಕು. ಟ್ರೇಗಳ ನಡುವೆ ಮಾತ್ರ ಜಾಗ ಬಿಡಿ, ಗಾಳಿ ಓಡಾಡಬೇಕು."

"ಎಷ್ಟು ಚೆನ್ನಾಗಿ ಹೇಳಿದ್ರಿ ಸರ್!" ಎಂದಳು ಯಜಮಾನಿ.

ಸರ್! ಇಪ್ಪತ್ತಾರು ವರ್ಷದಲ್ಲಿ ಅವಳು ಹದದಪ್ಪನನ್ನು ಕರೆದದ್ದು "ರೀ, ಇಲ್ಲಿ ನೋಡಿ" ಎಂದು ಮಾತ್ರ.

ಪಾಠ ಮುಗಿದ ಮೇಲೆ ಯಜಮಾನಿ ಮುಖ್ಯ ವಿಷಯ ಹೇಳಿದಳು. ದೊಡ್ಡ ಆಸ್ಪತ್ರೆಯ ಕ್ಯಾಂಟೀನಿನವರು ದಿನವೂ ಬನ್ನು ತರಿಸಿಕೊಳ್ಳುವ ಯೋಚನೆಯಲ್ಲಿದ್ದಾರೆ. ಮುಂದಿನ ಗುರುವಾರ ಬೆಳಿಗ್ಗೆ ಅವರ ಮ್ಯಾನೇಜರು ಬಂದು ನೋಡುತ್ತಾರೆ. "ಅವತ್ತು ಬನ್ನು ಸರಿಯಾಗಿ ಬಂದ್ರೆ ಈ ಓವನ್ ನಿಮ್ಮ ಕೈಲೇ ಇರುತ್ತೆ" ಎಂದಳು ಹದದಪ್ಪನಿಗೆ. "ಇಲ್ಲಾಂದ್ರೆ ಓವನ್ ಬಿಸ್ಕತ್ತಕ್ಕ ನೋಡ್ಕೊಳ್ಳಲಿ, ನೀವು ಹಿಟ್ಟಿನ ಮೇಜಿಗೆ ಬನ್ನಿ. ಬೇಜಾರು ಮಾಡ್ಕೋಬೇಡಿ."

ಹಿಟ್ಟಿನ ಮೇಜು! ಹದದಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ಈ ಬೋಳು ಕೈ ಹಿಟ್ಟು ಕಲಸುವುದಕ್ಕಾ?

ಮೊದಲ ದಿನ ಅವನು ಹಳೆಯ ಶಾಖವನ್ನೇ ಇಟ್ಟ. ಇಪ್ಪತ್ತು ಡಿಗ್ರಿ ಕಮ್ಮಿ ಮಾಡುವುದೆಂದರೆ ಷಡ್ಡಕನ ಮುಂದೆ ಇಪ್ಪತ್ತು ಮೆಟ್ಟಿಲು ಇಳಿದ ಹಾಗೆ. ಬನ್ನುಗಳು ಹೊರಗೆ ಇದ್ದಿಲು, ಒಳಗೆ ಅಂಟು. ಎರಡನೆಯ ದಿನ ಯಾರೂ ನೋಡದಾಗ ಕಮ್ಮಿ ಮಾಡಿದ. ಬನ್ನು ಚೆನ್ನಾಗಿ ಬಂತು, ಅವನಿಗೆ ಬೇಜಾರಾಯಿತು. ನಡುವೆ ಬಾಗಿಲು ತೆಗೆದು ಇಣುಕುವ ಹಳೆಯ ಚಟ ಬೇರೆ. ಬಾಗಿಲು ತೆಗೆದೊಡನೆ ಫ್ಯಾನು ನಿಂತುಬಿಡುತ್ತಿತ್ತು, ಮುಚ್ಚಿದೊಡನೆ ತಿರುಗುತ್ತಿತ್ತು.

"ನೋಡಿದ್ಯಾ?" ಎಂದ ಬಿಸ್ಕತ್ತಕ್ಕನಿಗೆ. "ನಾನು ಬಂದ್ರೆ ಮಾತು ನಿಲ್ಲಿಸುತ್ತೆ. ಥೇಟ್ ನಮ್ಮತ್ತೆ ಮನೆ."

"ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ಹೊಡೀಬಾರದು ಅಂತ ನಿಲ್ಲೋದು. ನಿಮ್ಮ ಷಡ್ಡಕರು ಹೇಳಿದ್ರಲ್ಲ!"

"ಅವನು ಹೇಳದೆ ಇರೋದು ಏನಾದ್ರೂ ಇದ್ರೆ ಹೇಳಮ್ಮ."

ಸೋಮವಾರದ ಹೊತ್ತಿಗೆ ಹದದಪ್ಪನ ಕಣ್ಣಿಗೆ ಒಂದು ವಿಷಯ ಬಿತ್ತು. ಎಲ್ಲ ಟ್ರೇಗಳಲ್ಲೂ ಬಲಗಡೆಯ ಸಾಲು ಉಳಿದವಕ್ಕಿಂತ ಒಂದು ಛಾಯೆ ಕೆಂಪು. ಬೇರೆ ಯಾರೂ ಗಮನಿಸಿರಲಿಲ್ಲ. ಇದು ನಿಜವಾಗಿಯೂ ಅವನ ಕಣ್ಣಿನ ದೊಡ್ಡತನ, ಒಪ್ಪಿಕೊಳ್ಳಬೇಕು. ಷಡ್ಡಕನಿಗೆ ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಫೋನು ಮಾಡಿದರೆ ಅವನು ಬರುತ್ತಾನೆ. ಬಂದರೆ ಸರಿ ಮಾಡುತ್ತಾನೆ. ಸರಿ ಮಾಡಿದರೆ ಯಜಮಾನಿ ಮತ್ತೆ ಸರ್ ಎನ್ನುತ್ತಾಳೆ. ಅದಕ್ಕಿಂತ ಬನ್ನು ಸೀದು ಹೋಗುವುದೇ ಮೇಲು.

ಆಗ ಅವನಿಗೆ ತನ್ನ ಇಟ್ಟಿಗೆಗಳು ನೆನಪಾದವು. ಖಾರದ ಮೂಲೆಯನ್ನು ಪಳಗಿಸಿದ ಕೈ ಇದು! ಮಂಗಳವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಎಣ್ಣೆ ಡಬ್ಬದ ತಗಡಿನಿಂದ ಒಂದು ಉದ್ದನೆಯ ಪಟ್ಟಿ ಕತ್ತರಿಸಿ, ಓವನ್ನಿನ ಒಳಗೋಡೆಯ ಬಲ ಅಂಚಿನ ಸಂದಿಗೆ ಬಿಗಿಯಾಗಿ ತುರುಕಿದ. ಬಿಸಿ ಬರುವ ಸಂದಿ ಮುಚ್ಚಿದರೆ ಬಿಸಿ ಬರುವುದಿಲ್ಲ. ಇದಕ್ಕೆ ಟೆಸ್ಟರು ಬೇಕಾ?

ಬಲಗಡೆಯ ಸಾಲು ತಣ್ಣಗಾಯಿತು. ಆದರೆ ಅಲ್ಲಿ ದಾರಿ ಸಿಗದ ಗಾಳಿ ಎಡಗಡೆಯಿಂದ ನುಗ್ಗಿತು. ಬುಧವಾರ ಎಡಗಡೆಯ ಸಾಲು ಕೆಂಪೋ ಕೆಂಪು. ಹದದಪ್ಪ ಒಂದು ನಿಮಿಷ ಯೋಚಿಸಿ ಎಡಸಂದಿಗೂ ಒಂದು ಪಟ್ಟಿ ತುರುಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರಂತೆ. ಇವನು ಯಾವುದಕ್ಕೂ ಇರಲಿ ಎಂದು ಎರಡಕ್ಕೂ ಹಾಕಿದ. ಸಂಜೆ ಪರೀಕ್ಷೆಗೆಂದು ಒಂದೇ ಸರದಿ ಬೇಯಿಸಿದ. ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು, ಆದರೆ ಎಲ್ಲ ಬನ್ನೂ ಒಂದೇ ಬಣ್ಣ.

ಮನೆಗೆ ಹೋಗಿ ಹೆಂಡತಿಗೆ ಹೇಳಿದ: "ಗಾಳಿ ಅಂದ್ರೇನು ಮಹಾ? ಅದಕ್ಕೂ ಒಂದು ಹದ ಇರುತ್ತೆ."

"ಸರಿ ಸರಿ. ಆ ನಲ್ಲಿ ಇನ್ನೂ ಸೋರ್ತಾನೇ ಇದೆ" ಎಂದಳು ಅವಳು.

ಗುರುವಾರ ಬೆಳಿಗ್ಗೆ ಮೊದಲ ಸರದಿ ಸರಿಯಾಗಿಯೇ ಬಂತು. ಎರಡನೆಯದು ಬೆಂದಿತು ಅನ್ನಬೇಕು, ಅಷ್ಟೆ. ಮೂರನೆಯದು ಒಳಗೆ ಹೋಗಿ ಐದು ನಿಮಿಷಕ್ಕೆ ಓವನ್ ಕೀಂ ಎಂದಿತು. ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಕಾಯಿಲು ಮಾತ್ರ ಕಾಯುತ್ತಿರಲಿಲ್ಲ. ಹಸಿ ಬನ್ನುಗಳು ಗಾಜಿನ ಹಿಂದೆ ಬೆಪ್ಪಾಗಿ ಕೂತಿದ್ದವು. ಅದೇ ಹೊತ್ತಿಗೆ ಆಸ್ಪತ್ರೆಯ ಮ್ಯಾನೇಜರು ಮೆಟ್ಟಿಲು ಹತ್ತಿ ಬಂದರು.

ಯಜಮಾನಿ ಅವರಿಗೆ ಟೀ ಕೊಟ್ಟು ಕೂರಿಸಿ ಷಡ್ಡಕನಿಗೆ ಫೋನು ಮಾಡಿದಳು. ಅವನು ಬರುವ ಅರ್ಧ ಗಂಟೆಯಲ್ಲಿ ಹದದಪ್ಪ ಸುಮ್ಮನೆ ಕೂರಲಿಲ್ಲ. "ಹೊಸ ಸಾಮಾನು ನೋಡಿ" ಎಂದ ಒಬ್ಬರ ಹತ್ತಿರ. "ಕೂರಿಸಿದವರ ಕೈಗುಣ" ಎಂದ ಇನ್ನೊಬ್ಬರ ಹತ್ತಿರ. "ನಾನು ಯಾರ ಮೇಲೂ ಹೇಳ್ತಿಲ್ಲಪ್ಪ" ಎಂದ ಎಲ್ಲರ ಹತ್ತಿರ. ತಗಡಿಗೂ ಈ ಕೀಂಕಾರಕ್ಕೂ ಸಂಬಂಧವಿರಬಹುದು ಎಂದು ಅವನ ಹೊಟ್ಟೆಯ ಒಂದು ಮೂಲೆ ಹೇಳುತ್ತಿತ್ತು. ಉಳಿದ ಮೂರು ಮೂಲೆಗಳಲ್ಲಿ ಹೊಟ್ಟೆಕಿಚ್ಚು ಉರಿಯುತ್ತಿದ್ದರಿಂದ ಅದರ ಮಾತು ಕೇಳಲಿಲ್ಲ.

ಷಡ್ಡಕ ಬಂದ. ಓವನ್ ಆರುವವರೆಗೆ ಕಾದು ಒಳತಗಡು ಬಿಚ್ಚಿದ. ಎರಡು ಪಟ್ಟಿಗಳು ಕಾದು ನೀಲಿಗಟ್ಟಿ ಕೈಗೆ ಬಂದವು, ಒಂದರ ಮೇಲೆ ಎಣ್ಣೆ ಕಂಪನಿಯ ಹೂವಿನ ಚಿತ್ರದ ಅರ್ಧ ಇನ್ನೂ ಉಳಿದಿತ್ತು. ಅವನು ತಿರುಗಿ ಹದದಪ್ಪನ ಕಡೆ ಒಂದು ಸಲ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಹದದಪ್ಪ ಹೆಗಲು ಮುಟ್ಟಲಿಲ್ಲ, ಚಾವಣಿ ನೋಡಿದ. ಅಲ್ಲಿ ಏನೂ ಇರಲಿಲ್ಲ. ಆದರೂ ಬಹಳ ಹೊತ್ತು ನೋಡಿದ.

ಷಡ್ಡಕ ಪಟ್ಟಿಗಳನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡ. ಒಳಗೆ ಏನೇನೋ ಬಿಗಿ ಮಾಡಿದ, ಹಿಂದುಗಡೆ ಒಂದು ಚಿಕ್ಕ ಗುಂಡಿ ಒತ್ತಿದ. ಕಾಯಿಲು ಕಾಯಲು ಶುರುವಾಯಿತು. ಆಮೇಲೆ ಯಜಮಾನಿಯ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದ. ಹದದಪ್ಪನಿಗೆ ಕೇಳಿದ್ದು ಮೊದಲ ಮಾತು ಮಾತ್ರ: "ತಪ್ಪು ನನ್ನದು ಮೇಡಂ."

ಮ್ಯಾನೇಜರು ಒಂದೂವರೆ ಗಂಟೆ ತಡವಾಗಿ ಬನ್ನು ತಿಂದರು. "ಬನ್ನು ಚೆನ್ನಾಗಿದೆ. ಆದರೆ ರೋಗಿಗಳಿಗೆ ತಿಂಡಿ ತಡ ಆಗಬಾರದು. ಇನ್ನೊಂದು ಸಲ ಹೀಗಾದ್ರೆ ಬೇಡ" ಎಂದು ಒಪ್ಪಿಕೊಂಡು ಹೋದರು. ಯಜಮಾನಿ ಷಡ್ಡಕನಿಗೆ, "ವರ್ಷಪೂರ್ತಿ ಓವನ್ ನೋಡ್ಕೊಳ್ಳೋ ಕೆಲಸ ನಿಮಗೇ ಕೊಡೋಣ ಅಂತಿದ್ದೆ. ಈಗ ಯೋಚನೆ ಮಾಡಬೇಕು" ಎಂದಳು. ಷಡ್ಡಕ ತಲೆಯಾಡಿಸಿ ಹೋದ.

ಹದದಪ್ಪ ಗೆದ್ದಿದ್ದ. ಓವನ್ ಉಳಿಯಿತು, ಷಡ್ಡಕನ ಮುಖಕ್ಕೆ ಮಸಿ ಬಿತ್ತು. ಆ ಸುಖ ಲೆಕ್ಕ ಹಾಕಿದಂತೆ ಹನ್ನೊಂದು ನಿಮಿಷ ಇತ್ತು.

ಹನ್ನೆರಡನೆಯ ನಿಮಿಷಕ್ಕೆ ಬಿಸ್ಕತ್ತಕ್ಕ ಹೇಳಿದಳು: "ಎಂಥ ದೊಡ್ಡ ಮನುಷ್ಯ ರೀ ನಿಮ್ಮ ಷಡ್ಡಕರು! ಕೆಲಸ ಹೋದ್ರೂ ಪರವಾಗಿಲ್ಲ ಅಂತ ತಪ್ಪು ಒಪ್ಕೊಂಡ್ರು. ಈ ಕಾಲದಲ್ಲಿ ಯಾರು ಒಪ್ತಾರೆ?"

"ನೋಡಿ ಕಲೀಬೇಕು" ಎಂದರು ಪ್ಯಾಕಿಂಗಿನವರು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೆ, ಸುದ್ದಿ ಹೆಂಡತಿಯ ತಂಗಿಯ ಫೋನಿನಲ್ಲಿ ಅವನಿಗಿಂತ ಮೊದಲೇ ಬಂದು ಚಾಪೆ ಹಾಕಿ ಕೂತಿತ್ತು.

"ತಪ್ಪು ಒಪ್ಕೊಳ್ಳೋಕೂ ಎದೆ ಬೇಕು. ಎಲ್ಲರಿಗೂ ಬರಲ್ಲ" ಎಂದಳು ಹೆಂಡತಿ, ಬಡಿಸುತ್ತಾ.

"ಎಲ್ಲರಿಗೂ ಅಂದ್ರೆ ಯಾರಿಗೆ?"

"ಸುಮ್ನೆ ಹೇಳಿದೆ. ನಿಮಗ್ಯಾಕೆ ಚುಚ್ಚುತ್ತೆ?"

"ನಂಗ್ಯಾಕೆ ಚುಚ್ಚುತ್ತೆ?"

"ಅದನ್ನೇ ನಾನೂ ಕೇಳಿದ್ದು. ಅಮ್ಮ ಅಂತೂ ಫೋನಲ್ಲಿ ಕಣ್ಣೀರೇ ಹಾಕ್ಕೊಂಡ್ಳಂತೆ. ಚಿನ್ನದಂಥ ಅಳಿಯ ಅಂತ."

ಹದದಪ್ಪ ಇಡೀ ಮಧ್ಯಾಹ್ನ ಮಂಚದ ಮೇಲೆ ಹೊರಳಾಡಿದ. ಪಶ್ಚಾತ್ತಾಪ ಎಂದು ಯಾರಾದರೂ ಅಂದುಕೊಂಡರೆ ಅದು ಅವರ ಒಳ್ಳೆಯತನ. ಅವನನ್ನು ಸುಡುತ್ತಿದ್ದದ್ದು ಬೇರೆ. ತಗಡು ನನ್ನದು! ಕತ್ತರಿಸಿದ ಕೈ ನನ್ನದು! ಮೂರ್ಖತನವೂ ನನ್ನದೇ! ಹೆಸರು ಮಾತ್ರ ಅವನಿಗಾ? ಮಿಕ್ಸಿ ರಿಪೇರಿ ಮಾಡಿದ, ಬಿಟ್ಟೆ. ಸರ್ ಅನ್ನಿಸಿಕೊಂಡ, ಬಿಟ್ಟೆ. ಈಗ ನನ್ನ ತಪ್ಪನ್ನೂ ಎತ್ತಿಕೊಂಡು ಹೋಗಿ ದೊಡ್ಡ ಮನುಷ್ಯನಾಗುವುದಾ? ಆ ತಪ್ಪು ಒಪ್ಪಿಕೊಳ್ಳುವ ಹಕ್ಕು ಇದ್ದದ್ದು ನನಗೆ!

ಶುಕ್ರವಾರ ಬೆಳಿಗ್ಗೆ ಷಡ್ಡಕ ಓವನ್ ಸರಿ ನಡೆಯುತ್ತಿದೆಯೇ ನೋಡಲು ಬಂದಿದ್ದ. ಹದದಪ್ಪ ಎಲ್ಲರೂ ಇರುವಾಗಲೇ, ಕಡೆಯ ಮೇಜಿಗೂ ಕೇಳುವ ಹಾಗೆ, ಗಂಟಲು ಸರಿಮಾಡಿಕೊಂಡ.

"ಮೇಡಂ, ತಪ್ಪು ಅವನದಲ್ಲ, ನನ್ನದು. ಎಣ್ಣೆ ಡಬ್ಬದ ತಗಡು ಕತ್ತರಿಸಿ ಗಾಳಿ ಬರೋ ಸಂದಿ ಮುಚ್ಚಿದ್ದು ನಾನು. ಎರಡೂ ಕಡೆ ನಾನೇ. ಬೇಕಾದ್ರೆ ಅವನ ಚೀಲ ನೋಡಿ." ಕೊನೆಗೆ, ಯಾರಿಗೂ ಸಂಶಯ ಉಳಿಯಬಾರದೆಂದು, "ಪೂರ್ತಿ ನನ್ನದೇ" ಎಂದು ಸೇರಿಸಿದ.

ಹದದಪ್ಪ ಎದೆ ಮುಂದೆ ಮಾಡಿ ನಿಂತ. ಈಗ ಯಾರು ದೊಡ್ಡ ಮನುಷ್ಯ, ಹೇಳಿ ನೋಡೋಣ!

ಷಡ್ಡಕ ಟೆಸ್ಟರು ಕೆಳಗಿಟ್ಟ. "ಪೂರ್ತಿ ಅಲ್ಲ ಅಣ್ಣ. ನಾನೂ ಸುಳ್ಳು ಹೇಳಿರಲಿಲ್ಲ. ಒಳತಗಡಿನ ಬಲಗಡೆ ಸ್ಕ್ರೂ ನಾನು ಸರಿಯಾಗಿ ಬಿಗಿ ಮಾಡಿರಲಿಲ್ಲ, ಆ ಸಂದಿ ಅಗಲ ಆಗಿತ್ತು. ಅದಕ್ಕೇ ಬಲಗಡೆ ಸಾಲು ಕೆಂಪಾಗ್ತಿದ್ದದ್ದು. ನನ್ನ ಮೀಟರಿಗೆ ಸಿಗದೆ ಇದ್ದದ್ದು ನಿಮ್ಮ ಕಣ್ಣಿಗೆ ಸಿಕ್ಕಿದೆ. ಮುಚ್ಚಿದ್ದು ಮಾತ್ರ ತಪ್ಪು. ಗಾಳಿ ಹೊರಗೆ ಬರೋಕಾಗದೆ ಕಾಯಿಲಿನ ಬಿಸಿ ಎಲ್ಲ ತಗಡಿನ ಹಿಂದೇನೇ ಕೂತುಬಿಡ್ತು. ಸುಟ್ಟುಹೋಗೋ ಮುಂಚೆ ಓವನ್ನೇ ಕಾಯಿಲಿನ ಕರೆಂಟು ತೆಗೀತು."

ಹದದಪ್ಪನ ಎದೆ ಇದ್ದಲ್ಲೇ ಇಳಿಯಿತು. ಒಪ್ಪಿಕೊಂಡ ತಪ್ಪಿನಲ್ಲೂ ಅರ್ಧ ಪಾಲು ಕೇಳುತ್ತಿದ್ದಾನೆ! ಅದೂ ಹೊಗಳುತ್ತಾ!

ಯಜಮಾನಿ ಇಬ್ಬರನ್ನೂ ನೋಡಿದಳು. ಅವಳಿಗೆ ನಗು ಬಂದಿತ್ತೋ ಸಿಟ್ಟು ಬಂದಿತ್ತೋ ಹೇಳುವುದು ಕಷ್ಟ.

"ಸರ್, ವರ್ಷದ ಕೆಲಸ ನಿಮಗೇ. ರೀ, ಇಲ್ಲಿ ನೋಡಿ" ಎಂದಳು ಹದದಪ್ಪನಿಗೆ. "ನಿಮ್ಮ ಕಣ್ಣು ಓವನ್ ಮುಂದೇನೇ ಬೇಕು. ಆದರೆ ನಿಮ್ಮ ಕೈ ನಂಬೋಕಾಗಲ್ಲ. ನಾಲ್ಕು ಸೋಮವಾರ ಇವರ ಹತ್ತಿರ ಪಾಠ ಕೇಳಿ. ಬಿಸ್ಕತ್ತಕ್ಕನೂ ಕೂರಲಿ. ಕೊನೇಲಿ ಇವರೊಂದು ಪರೀಕ್ಷೆ ಮಾಡ್ತಾರೆ. ಇವರು ಸೈ ಅಂದ್ರೆ ಓವನ್ ನಿಮ್ಮದು. ಬೇಡ ಅನ್ನಿಸಿದ್ರೆ ಹಿಟ್ಟಿನ ಮೇಜು ಅಲ್ಲೇ ಇದೆ."

ಇಪ್ಪತ್ತಾರು ವರ್ಷದ ಅನುಭವ ಒಂದು ಕಡೆ, ಷಡ್ಡಕನ ಮುಂದೆ ಕೈಕಟ್ಟಿ ಕೂರುವುದು ಇನ್ನೊಂದು ಕಡೆ. ಹದದಪ್ಪ ಹಿಟ್ಟಿನ ಮೇಜಿನ ಕಡೆ ನೋಡಿದ. ಓವನ್ನಿನ ಗಾಜಿನ ಹಿಂದೆ ಬನ್ನುಗಳು ಆಗಷ್ಟೇ ಬಣ್ಣ ತಿರುಗುತ್ತಿದ್ದವು.

"ಸೋಮವಾರ ಎಷ್ಟೊತ್ತಿಗೆ?" ಎಂದ.

ಮೂರು ಸೋಮವಾರ ಅವನು ಪಾಠ ಕೇಳಿದ. ಮೊದಲನೆಯದಕ್ಕೆ ಬೇಕೆಂದೇ ತಡವಾಗಿ ಹೋದ, ಎರಡನೆಯದಕ್ಕೆ ಸಮಯಕ್ಕೆ ಹೋದ, ಮೂರನೆಯದಕ್ಕೆ ಹತ್ತು ನಿಮಿಷ ಮೊದಲೇ ಹೋಗಿ, ಬಾಗಿಲಲ್ಲಿ ನಿಂತು, ಈಗ ತಾನೇ ಬಂದವನ ಹಾಗೆ ನಟಿಸಿದ. ನಾಲ್ಕನೆಯ ಸೋಮವಾರ ಪರೀಕ್ಷೆ. ಹತ್ತು ಪ್ರಶ್ನೆ, ಬಾಯಲ್ಲೇ ಉತ್ತರ. ಷಡ್ಡಕ ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳಿದ. ಬಿಸ್ಕತ್ತಕ್ಕನದು ಮೊದಲು.

ಹದದಪ್ಪನಿಗೆ ಕೊನೆಯ ಪ್ರಶ್ನೆ: "ಓವನ್ ಹಿಂದುಗಡೆ ಇರೋ ಆ ಚಿಕ್ಕ ಗುಂಡಿ ಯಾಕೆ ಇಟ್ಟಿದ್ದಾರೆ ಅಣ್ಣ?"

"ಬಿಸಿ ಮಿತಿ ಮೀರಿದ್ರೆ ಕಾಯಿಲಿನ ಕರೆಂಟು ತಾನೇ ಹೋಗುತ್ತೆ. ಯಾಕೆ ಹೋಯ್ತು ಅಂತ ಕಂಡುಹಿಡಿದ ಮೇಲೆ ಕೈಯಲ್ಲಿ ಒತ್ತಿ ಮತ್ತೆ ಕೊಡಬೇಕು, ಅದಕ್ಕೆ" ಎಂದ ಹದದಪ್ಪ. ಆಮೇಲೆ, "ನನ್ನಂಥವರೂ ಇರ್ತಾರೆ ಅಂತ ಇಟ್ಟಿದ್ದಾರೆ" ಎಂದ.

ಷಡ್ಡಕ ಜೋರಾಗಿ ನಕ್ಕುಬಿಟ್ಟ. ಅವನು ಅಷ್ಟು ಜೋರಾಗಿ ನಕ್ಕದ್ದನ್ನು ಹದದಪ್ಪ ಕಂಡಿರಲಿಲ್ಲ. ಕೆಟ್ಟದಾಗಿ, ಗೊರಕೆ ಹೊಡೆದ ಹಾಗೆ ನಗುತ್ತಿದ್ದ. ಅವನಲ್ಲೂ ಒಂದು ಐಬು ಸಿಕ್ಕಿದ್ದಕ್ಕೆ ಹದದಪ್ಪನಿಗೂ ನಗು ಬಂತು.

"ಸೈ ಅಣ್ಣ. ಓವನ್ ನಿಮ್ಮದೇ. ಹತ್ತಕ್ಕೆ ಎಂಟು."

ಹದದಪ್ಪ ಎದ್ದು ಏಪ್ರನ್ ಕಟ್ಟಿಕೊಂಡ. ಷಡ್ಡಕನ ಬೆನ್ನಿನ ಮೇಲೆ ಒಂದು ಗುದ್ದು ಹಾಕಿದ. ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ಒಳಗೆ ಬಿಸ್ಕತ್ತಕ್ಕ ಯಾರ ಹತ್ತಿರವೋ ಖುಷಿಯಾಗಿ ಏನೋ ಹೇಳುತ್ತಿದ್ದಳು. ಹದದಪ್ಪ ವಾಪಸ್ ಬಂದು, ದನಿ ತಗ್ಗಿಸಿ ಕೇಳಿದ:

"ಅಕ್ಕನಿಗೆ ಎಷ್ಟು ಕೊಟ್ಟೆ?"